ತಿರುವೊಟ್ಟಿಯೂರಿನಲ್ಲಿ ವಾಣಿಜ್ಯ ಕಟ್ಟಡ: ಕಾಂಕ್ರೀಟ್ ಹಾಕಿಸುವ ಮುನ್ನ ತಿಳಿದಿರಬೇಕಾದ ಕಾನೂನು

ಸ್ವಂತ ವಾಸಕ್ಕೆ ಮನೆ ಕಟ್ಟಿಸಿದವರ ಕಾಂಕ್ರೀಟ್ ಬಿರುಕು ಬಿಟ್ಟರೆ ಗ್ರಾಹಕರ ಆಯೋಗದ ಬಾಗಿಲು ತೆರೆದಿರುತ್ತದೆ. ಗೋದಾಮು, ಶೋರೂಮು, ಲಾಡ್ಜ್ ಕಟ್ಟಿಸಿದವರಿಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(7) ವಾಣಿಜ್ಯ ಉದ್ದೇಶಕ್ಕೆ ಪಡೆದ ಸರಕು ಮತ್ತು ಸೇವೆಗಳನ್ನು ಹೊರಗಿಟ್ಟಿದೆ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡು ಬಳಸಿದ ಸರಕಿಗೆ ಮಾತ್ರ ಅದೇ ಕಲಂನ ವಿವರಣೆಯಲ್ಲಿ ವಿನಾಯಿತಿ ಇದೆ. ತಾನೇ ಗಲ್ಲಾ ಮೇಲೆ ಕೂತು ಚಿಕ್ಕ ಹೋಟೆಲ್ ನಡೆಸುವವನು ಈ ವಾದ ಮುಂದಿಡಬಹುದು. ಐದು ಮಳಿಗೆ ಕಟ್ಟಿ ಬಾಡಿಗೆಗೆ ಕೊಡುವವನಿಗೆ ಅದು ದಕ್ಕುವುದು ಕಷ್ಟ. ಹೀಗಾಗಿ ವಾಣಿಜ್ಯ ಕಟ್ಟಡದ ಮಾಲೀಕನಿಗೆ ಇರುವ ನಿಜವಾದ ರಕ್ಷಣೆ ಎರಡೇ: ಕೆಲಸಕ್ಕೆ ಮೊದಲು ಬರೆದ ಒಪ್ಪಂದ, ಕೆಲಸ ನಡೆಯುವಾಗ ಕೂಡಿಟ್ಟ ದಾಖಲೆ.

ತಿರುವೊಟ್ಟಿಯೂರಿನಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಬಂಗಾಳ ಕೊಲ್ಲಿಯ ದಡದ ಈ ಊರು 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಕಡಲಿನ ಉಪ್ಪುಗಾಳಿ ಕಾಂಕ್ರೀಟಿನೊಳಗಿಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಮೇಲಿನ ಹೊದಿಕೆಯನ್ನು ಸಿಡಿಸುತ್ತದೆ. ಕಾಂಕ್ರೀಟ್ ಕಟ್ಟಡ ಎಷ್ಟು ಬೇಗ ಕೈಕೊಡಬಹುದು ಎಂಬುದನ್ನೂ ಈ ಊರು ಕಂಡಿದೆ. 2021ರ ಡಿಸೆಂಬರ್ 27ರಂದು ಇಲ್ಲಿನ ಅರಿವಾಕುಳಂನಲ್ಲಿ ಸರ್ಕಾರಿ ವಸತಿ ಸಮುಚ್ಚಯದ ಒಂದು ಬ್ಲಾಕ್ ಕುಸಿದು 24 ಮನೆಗಳು ನೆಲಸಮವಾದವು. ಬಿರುಕು ಕಂಡೊಡನೆ ನಿವಾಸಿಗಳು ಹೊರಬಂದಿದ್ದರಿಂದ ಜೀವಹಾನಿ ಆಗಲಿಲ್ಲ. ಆ ಕಟ್ಟಡಕ್ಕೆ ಮೂರು ದಶಕವೂ ತುಂಬಿರಲಿಲ್ಲ.

ಮೊದಲ ಹೆಜ್ಜೆ ಅನುಮತಿ. ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1971ರಂತೆ ಯೋಜನಾ ಅನುಮತಿ ಪಡೆಯದೆ ಅಡಿಪಾಯ ತೋಡುವಂತಿಲ್ಲ. ಕಟ್ಟಡದ ಗಾತ್ರ ನೋಡಿಕೊಂಡು ಪಾಲಿಕೆ ಅಥವಾ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಅನುಮತಿ ಕೊಡುತ್ತದೆ. ನಕ್ಷೆ, ತೆರವು ಜಾಗ, ಎತ್ತರ, ಪಾರ್ಕಿಂಗ್ ಎಲ್ಲಕ್ಕೂ ರಾಜ್ಯದ 2019ರ ಸಂಯೋಜಿತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳೇ ಆಧಾರ. ನಿವೇಶನವು ಉಬ್ಬರರೇಖೆಯಿಂದ 500 ಮೀಟರ್ ಒಳಗಿದ್ದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಅನ್ವಯವಾಗುತ್ತದೆ. ಜಾಗ ಕೊಳ್ಳುವ ಮುನ್ನವೇ ಇದನ್ನು ವಿಚಾರಿಸುವುದು ಒಳಿತು. ಮುಂಗಡ ಕೊಟ್ಟ ಮೇಲೆ ವಿಚಾರಿಸುವವರೇ ಹೆಚ್ಚು. ಅನುಮತಿ ಇಲ್ಲದೆ ಅಥವಾ ನಕ್ಷೆ ಮೀರಿ ಕಟ್ಟಿದರೆ 1971ರ ಯೋಜನಾ ಕಾಯ್ದೆಯ 56 ಮತ್ತು 57ನೇ ಕಲಂಗಳಂತೆ ನೋಟಿಸ್ ಬಂದು ಕೆಲಸ ನಿಲ್ಲುತ್ತದೆ, ಬೀಗಮುದ್ರೆಯೂ ಬೀಳಬಹುದು. ಅನುಮತಿ ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ, ಆದರೆ ಅದಕ್ಕೆ ನಿಗದಿತ ಅವಧಿ ಇರುವುದರಿಂದ ಆದೇಶ ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು.

ಎರಡನೆಯದು ಗುತ್ತಿಗೆ ಒಪ್ಪಂದ. ಸೋಲುವವರು ಬಹುತೇಕ ಇಲ್ಲೇ ಸೋಲುತ್ತಾರೆ. ಚದರಡಿಗೆ ಇಷ್ಟು ದರ, ‘ಒಳ್ಳೆಯ ಗುಣಮಟ್ಟದ ಕಾಂಕ್ರೀಟ್’ ಎಂದಷ್ಟೇ ಬರೆದ ಕಾಗದ ನ್ಯಾಯಾಲಯದಲ್ಲಿ ಹೆಚ್ಚು ದೂರ ನಡೆಯದು. ಭಾರತೀಯ ಮಾನಕ ಐಎಸ್ 456:2000 ಕರಾವಳಿ ವಾತಾವರಣಕ್ಕೆ ತೆರೆದ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸಿದೆ. ಈ ವರ್ಗದ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆ, ಘನ ಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟ್, ನೀರು-ಸಿಮೆಂಟ್ ಅನುಪಾತ ಗರಿಷ್ಠ 0.45, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಕಡಲ ನೀರಿನ ಹನಿ ನೇರವಾಗಿ ಸಿಡಿಯುವ ಕಡೆ ದರ್ಜೆ ಎಂ35ಕ್ಕೆ, ಹೊದಿಕೆ 50 ಮಿಲಿಮೀಟರಿಗೆ ಏರುತ್ತದೆ. ಒಳನಾಡಿನ ಮೇಸ್ತ್ರಿಗಳಿಗೆ ರೂಢಿಯಾದ ಎಂ20 ಇಲ್ಲಿ ಸಾಲದು. ಈ ಅಂಕಿಗಳನ್ನೇ ಒಪ್ಪಂದದಲ್ಲಿ ಬರೆಸಬೇಕು. ಕಂಟೇನರ್ ಲಾರಿ ಅಥವಾ ಫೋರ್ಕ್‌ಲಿಫ್ಟ್ ಓಡಾಡುವ ಗೋದಾಮಾದರೆ ನೆಲ ಹೊರಬೇಕಾದ ಭಾರವನ್ನೂ ನಮೂದಿಸಬೇಕು. ಹಣವನ್ನು ಹಂತಹಂತವಾಗಿ, ಪರೀಕ್ಷಾ ವರದಿ ನೋಡಿ ಕೊಡುವ ಷರತ್ತು, ದೋಷಕ್ಕೆ ಹೊಣೆಯಿರುವ ಅವಧಿ, ತಡೆಹಿಡಿಯುವ ಮೊತ್ತ, ವ್ಯಾಜ್ಯ ಬಂದರೆ ಮಧ್ಯಸ್ಥಿಕೆಯೋ ನ್ಯಾಯಾಲಯವೋ ಎಂಬುದು, ಇವೆಲ್ಲ ಅದರಲ್ಲೇ ಇರಬೇಕು. ಕಾಗದ ತಮಿಳಿನಲ್ಲಿದ್ದು ಸಹಿ ಹಾಕುವವರಿಗೆ ಆ ಲಿಪಿ ಬಾರದಿದ್ದರೆ ಬಲ್ಲವರಿಂದ ಓದಿಸಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಬಾರದು. ಓದಿರಲಿಲ್ಲ ಎಂಬ ನೆಪವನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ.

ಕಾಂಕ್ರೀಟ್ ಹಾಕುವ ದಿನವೇ ಸಾಕ್ಷ್ಯ ಹುಟ್ಟುವ ದಿನ. ರೆಡಿಮಿಕ್ಸ್ ಲಾರಿಯ ಚಲನ್‌ನಲ್ಲಿ ದರ್ಜೆ ಮತ್ತು ಲೋಡ್ ಆದ ಸಮಯ ಇರುತ್ತದೆ. ಐಎಸ್ 4926ರಂತೆ ಲೋಡ್ ಆದ 2 ಗಂಟೆಯೊಳಗೆ ಕಾಂಕ್ರೀಟ್ ಸುರಿದು ಮುಗಿಯಬೇಕು. ಗಟ್ಟಿಯಾಯಿತೆಂದು ಲಾರಿಗೆ ನೀರು ಹೊಯ್ದರೆ ಬಲ ಕುಗ್ಗುತ್ತದೆ, ಹೊಣೆ ಯಾರದೆಂಬ ಜಗಳವೂ ಶುರುವಾಗುತ್ತದೆ. ಸೈಟಿನಲ್ಲೇ ಕಲಸುವುದಾದರೆ ಉಪ್ಪು ಬೋರ್‌ವೆಲ್ ನೀರು ಬಳಸುವ ಮುನ್ನ ಪರೀಕ್ಷೆ ಬೇಕು: ಕಬ್ಬಿಣ ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. 5 ಘನ ಮೀಟರ್‌ವರೆಗೆ ಒಂದು, 15ರವರೆಗೆ ಎರಡು, 30ರವರೆಗೆ ಮೂರು ಮಾದರಿ ತೆಗೆಯಬೇಕು. ಪ್ರತಿ ಮಾದರಿಗೆ ಮೂರು ಕ್ಯೂಬ್. 28ನೇ ದಿನದ ಕ್ಯೂಬ್ ಟೆಸ್ಟ್ ವರದಿಯನ್ನು ಮಾಲೀಕನೇ ಪ್ರಯೋಗಾಲಯದಿಂದ ನೇರವಾಗಿ ತರಿಸಿಕೊಳ್ಳಬೇಕು. ಹೊದಿಕೆಯ ಅಂತರ ಕಾಯುವ ಕವರ್ ಬ್ಲಾಕ್ ಇಟ್ಟ ಕಂಬಿಯ ಫೋಟೋವನ್ನು ತಾರಸಿ ಹಾಕುವ ಮೊದಲೇ ತೆಗೆಯಬೇಕು, ಆಮೇಲೆ ಅದು ಕಣ್ಣಿಗೆ ಕಾಣದು.

ದೋಷ ಕಂಡರೆ ಗುತ್ತಿಗೆದಾರನಿಗೆ ಮೊದಲು ಲಿಖಿತ ನೋಟಿಸ್ ಹೋಗಬೇಕು. ಒಪ್ಪಂದ ಮುರಿದಿದ್ದಕ್ಕೆ ಪರಿಹಾರವನ್ನು ಭಾರತೀಯ ಕರಾರು ಕಾಯ್ದೆ, 1872ರ ಕಲಂ 73ರಂತೆ ಕೇಳಬಹುದು; ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ನಿರ್ಮಾಣ ಗುತ್ತಿಗೆಯ ತಕರಾರು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಡದ ದಾವೆಗಳಲ್ಲಿ ಮೊದಲು ಸಂಧಾನ ಪ್ರಯತ್ನಿಸುವುದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಪ್ರಕಾರ ಕಡ್ಡಾಯ.

ಬಿಲ್ಡರನಿಂದ ಮಳಿಗೆ ಅಥವಾ ಕಚೇರಿ ಕೊಂಡವರ ಸ್ಥಿತಿ ಇದಕ್ಕಿಂತ ಮೇಲು. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ, 2016ರ ‘ಅಪಾರ್ಟ್‌ಮೆಂಟ್’ ವ್ಯಾಖ್ಯೆಯಲ್ಲಿ ಅಂಗಡಿ, ಶೋರೂಮು, ಗೋದಾಮು ಕೂಡ ಸೇರಿವೆ. ಸ್ವಾಧೀನ ಪಡೆದ 5 ವರ್ಷದೊಳಗೆ ರಚನಾ ದೋಷ ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಬಾಡಿಗೆದಾರನಿಗೆ ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯ ಆಸರೆ ಇದೆ: ಕಟ್ಟಡದ ರಚನಾ ದುರಸ್ತಿ ಮಾಲೀಕನ ಹೊಣೆ.

ಅಪಾಯವು ಜೀವಕ್ಕೆ ಬಂದಾಗ ವಿಷಯ ಹಣದ ಲೆಕ್ಕದಲ್ಲಿ ನಿಲ್ಲುವುದಿಲ್ಲ. 2014ರ ಜೂನ್ 28ರಂದು ಚೆನ್ನೈನ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ನಿರ್ಮಾಣದಲ್ಲಿ ಜೀವರಕ್ಷಣೆಯ ಎಚ್ಚರ ವಹಿಸದಿರುವುದು ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 290ರಡಿ ಅಪರಾಧ. ಸಾವು ಸಂಭವಿಸಿದರೆ ಕಲಂ 106 ಸೇರುತ್ತದೆ. ಪಕ್ಕದ ಕಟ್ಟಡ ಅಪಾಯಕಾರಿಯಾಗಿ ಏಳುತ್ತಿದೆ ಎನಿಸಿದರೆ ಯಾವ ನಾಗರಿಕನಾದರೂ ಪಾಲಿಕೆಯ ವಲಯ ಕಚೇರಿಗೆ ದೂರು ಕೊಡಬಹುದು. ಪಾಲಿಕೆಯೇ ಕಟ್ಟಿಸುವ ಮಳಿಗೆ, ರಸ್ತೆ, ಚರಂಡಿಗಳ ವಿಷಯದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಕಲಂ 2(ಜೆ) ಪ್ರಕಾರ ನಾಗರಿಕರು ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಿ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ.