ಮಾಲೆ ತೆಗೆದ ಮೇಲೆ ಮನೆಯವರು ಏನು ಮಾಡಬೇಕು? – ವ್ಯಸನಮುಕ್ತಿ ಮತ್ತು ಕುಟುಂಬ ಚಿಕಿತ್ಸೆ



 ಇಲ್ಲಿಯವರೆಗಿನ ಪಾಠಗಳಲ್ಲಿ ವ್ರತದ ಊಟ, ಸ್ನಾನ, ಇರುಮುಡಿ ಕಟ್ಟುವ ಕ್ರಮ ಇವನ್ನೆಲ್ಲ ನೋಡಿದೆವು. ಇವತ್ತಿನದು ಸ್ವಲ್ಪ ಕಷ್ಟದ ವಿಷಯ. ನಮ್ಮ ಹುಡುಗರು ಗುಂಪಿನಲ್ಲಿ ಬಾಯಿಬಿಟ್ಟು ಕೇಳದೆ, ನನಗೆ ಒಬ್ಬೊಬ್ಬರೇ ಫೋನ್ ಮಾಡಿ ಕೇಳುವ ಪ್ರಶ್ನೆ ಇದು: "ಸ್ವಾಮಿ, ನಮ್ಮಣ್ಣ 41 ದಿನ ಒಂದು ಹನಿ ಮುಟ್ಟಲಿಲ್ಲ. ಮಾಲೆ ತೆಗೆದು ವಾರ ಆಗಿಲ್ಲ, ಮತ್ತೆ ಶುರು. ಯಾಕೆ ಹೀಗೆ?"

ಕೊಂಢವಾ, ಕಾತ್ರಜ್, ಹಡಪಸರ ಕಡೆಯಿಂದ ನಮ್ಮ ಜೊತೆ ಬರುವ ಹುಡುಗರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಬೀದರ್ ಕಡೆಯವರು. ಕಟ್ಟಡ ಕೆಲಸ, ಟೆಂಪೊ, ಹೋಟೆಲು, ಈಚೆಗೆ ಕಂಪನಿ ಕೆಲಸ. ಊರು ಬಿಟ್ಟು ಬಂದ ಮನೆಗಳಲ್ಲಿ ಕುಡಿತ ಹೊಕ್ಕರೆ, ಕೈ ಹಿಡಿಯಲು ಕಾಕಾ ಇಲ್ಲ, ಸೋದರಮಾವ ಇಲ್ಲ. ಒಂದೇ ಕೋಣೆಯಲ್ಲಿ ಹೆಂಡತಿ, ಮಕ್ಕಳು, ಅವ್ವ ಎಲ್ಲರೂ ಅದನ್ನು ಅನುಭವಿಸಬೇಕು. ಅದಕ್ಕೇ ಈ ಪಾಠ. ನಾನು ವೈದ್ಯನಲ್ಲ. 14 ವರ್ಷದಿಂದ ಮಾಲೆ ಹಾಕುತ್ತಿರುವವನು, ಇಲ್ಲಿಯ ಮೂರು ನಾಲ್ಕು ಮನೆಯವರ ಜೊತೆ ಚಿಕಿತ್ಸಾ ಕೇಂದ್ರಕ್ಕೆ ಹೋಗಿ ಬಂದವನು. ಅಲ್ಲಿ ನೋಡಿ ಕೇಳಿ ಕಲಿತದ್ದನ್ನು ಹೇಳುತ್ತೇನೆ.

1. 41 ದಿನ ಹೇಗೆ ನಡೆಯುತ್ತದೆ?

ಮಾಲೆಯ ಶಕ್ತಿ, ಸ್ವಾಮಿಯ ಕೃಪೆ ಅನ್ನುತ್ತೇವೆ. ಆ ನಂಬಿಕೆ ಇರಲಿ. ಅದರ ಜೊತೆಗೆ ಆ 41 ದಿನ ಮನೆಯಲ್ಲಿ ಏನೇನು ಬದಲಾಗುತ್ತದೆ ಅನ್ನುವುದನ್ನೂ ಗಮನಿಸಿ. ಬೆಳಿಗ್ಗೆ ಅವನಿಗಿಂತ ಮುಂಚೆ ಅವ್ವ ಏಳುತ್ತಾಳೆ. ಹೆಂಡತಿ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾಳೆ. ನಿನ್ನೆಯವರೆಗೆ "ಕುಡುಕ" ಎಂದವರು ಇವತ್ತು "ಸ್ವಾಮಿ" ಎಂದು ಕರೆಯುತ್ತಾರೆ. ಸಂಜೆ ಏಳಕ್ಕೆ ಅವನು ಎಲ್ಲಿರುತ್ತಾನೆ ಎಂದು ಎಲ್ಲರಿಗೂ ಗೊತ್ತು, ಭಜನೆಯಲ್ಲಿ. ಹಳೆಯ ಗೆಳೆಯರು ತಾವಾಗಿಯೇ ದೂರ ನಿಲ್ಲುತ್ತಾರೆ. ಮನೆಯಲ್ಲಿ ಬೈಗುಳ ಇಲ್ಲ, ಅವನ ಕೈಯಲ್ಲಿ ಸುಮ್ಮನೆ ಕಳೆಯುವ ಹೊತ್ತೂ ಇಲ್ಲ.

ಅಂದರೆ ವ್ರತ ಹಿಡಿದವನು ಒಬ್ಬ, ನಡೆಸಿದ್ದು ಇಡೀ ಮನೆ. ಮಾಲೆ ತೆಗೆದ ದಿನ ಇವೆಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಸಂಜೆ ಏಳು ಗಂಟೆ ಮತ್ತೆ ಖಾಲಿ. ಹಳೆಯ ಸಾಲದ ಮಾತು, ಹಳೆಯ ಅನುಮಾನ, ಹಳೆಯ ಗೆಳೆಯರು, ಎಲ್ಲ ವಾಪಸು. ಅವನೊಬ್ಬನೇ ಅದನ್ನು ತಡೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಫ್ಯಾಮಿಲಿ ಥೆರಪಿ ಎಂದು ಕರೆಯುವ ಕುಟುಂಬ ಚಿಕಿತ್ಸೆ ಕೆಲಸ ಮಾಡುವುದು ಇದೇ ಜಾಗದಲ್ಲಿ. ಮನೆ ತಾನೂ ಬದಲಾಗಿ, ಆ ಬದಲಾವಣೆ ತಿಂಗಳು, ವರ್ಷಗಳವರೆಗೆ ಉಳಿಯುವಂತೆ ಮಾಡುವುದು ಅದರ ಉದ್ದೇಶ.

2. ಮೊದಲು ಒಂದು ಎಚ್ಚರಿಕೆ

ದಿನಾ ಬೆಳಿಗ್ಗೆಯೇ ಕುಡಿಯಬೇಕಾಗುವವರು, ಕುಡಿಯದಿದ್ದರೆ ಕೈ ನಡುಗುವವರು, ಬೆವರುವವರು, ಮಾಲೆ ಹಾಕುವುದಕ್ಕೆಂದು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು. ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದ್ದು ಕಾಣಿಸುತ್ತದೆ, ಜೀವಕ್ಕೇ ಅಪಾಯವಾಗುತ್ತದೆ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಕೆಲವು ದಿನ ಮಾತ್ರೆ ಕೊಟ್ಟು, ಬೇಕಿದ್ದರೆ ದಾಖಲು ಮಾಡಿಕೊಂಡು ಸುರಕ್ಷಿತವಾಗಿ ನಿಲ್ಲಿಸುತ್ತಾರೆ. ವೈದ್ಯರು ಕೊಟ್ಟ ಮಾತ್ರೆಯನ್ನು ವ್ರತಭಂಗವೆಂದು ನಮ್ಮ ಗುಂಪಿನ ಯಾವ ಗುರುಸ್ವಾಮಿಗಳೂ ಹೇಳಿಲ್ಲ. ಆರೋಗ್ಯ ಸರಿಯಾಗಲಿ, ಮಾಲೆಯನ್ನು ಮುಂದಿನ ವಾರ ಹಾಕಿದರೂ ಆಗುತ್ತದೆ.

ವೈದ್ಯಶಾಸ್ತ್ರ ವ್ಯಸನವನ್ನು ಕಾಯಿಲೆಯೆಂದೇ ಎಣಿಸುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಕುಡಿತದ ಸಮಸ್ಯೆಗೆ ಸಹಾಯ ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರನ್ನು ನೋಡಿಕೊಳ್ಳುತ್ತಿರುವುದು ಅವರ ಮನೆಯವರೇ.

3. ಮನೆಯಲ್ಲಿ ಏನಾಗುತ್ತದೆ?

ಒಬ್ಬ ಕುಡಿಯಲು ಶುರುಮಾಡಿದರೆ ಉಳಿದವರು ಅದಕ್ಕೆ ತಕ್ಕಂತೆ ಬಗ್ಗುತ್ತಾರೆ. ಹೆಂಡತಿ ಮಾಲೀಕನಿಗೆ ಫೋನ್ ಮಾಡಿ "ಅವರಿಗೆ ಜ್ವರ" ಎನ್ನುತ್ತಾಳೆ. ಅವ್ವ ಅಂಗಡಿಯ ಸಾಲ ತೀರಿಸುತ್ತಾಳೆ. ತಮ್ಮ ರಾತ್ರಿ ಅವನನ್ನು ಹುಡುಕಿಕೊಂಡು ಬರುತ್ತಾನೆ. ಎಂಟು ವರ್ಷದ ಮಗಳು ಬಾಗಿಲ ಸದ್ದಿನ ಮೇಲೇ ಅಪ್ಪ ಕುಡಿದಿದ್ದಾನೋ ಇಲ್ಲವೋ ಎಂದು ತಿಳಿಯುವುದನ್ನು ಕಲಿಯುತ್ತಾಳೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ, ಎಲ್ಲವೂ ಪ್ರೀತಿ ಮತ್ತು ಮರ್ಯಾದೆಯ ಭಯದಿಂದ. ಆದರೆ ಕುಡಿತದ ನೋವು ಕುಡಿದವನಿಗೇ ತಟ್ಟುವುದಿಲ್ಲ. ಅವನ ಬದಲು ಮನೆಯವರು ಅದನ್ನು ಹೊರುತ್ತಾರೆ.

ಇನ್ನೊಂದು ಕಡೆ ಬೈಗುಳ. ಅವನು ಕುಡಿದ, ಇವಳು ಕೂಗಿದಳು, ಅವನಿಗೆ ಅವಮಾನ, ಅದನ್ನು ಮರೆಯಲು ಮತ್ತೆ ಕುಡಿತ. ಇದು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ತಪ್ಪು ಯಾರದು ಎಂದು ಹುಡುಕಲು ಕುಟುಂಬ ಚಿಕಿತ್ಸಕರು ಕೂರುವುದಿಲ್ಲ. ಈ ಸುತ್ತನ್ನು ಎಲ್ಲಿ ಕಡಿಯಬಹುದು ಎಂದು ಎಲ್ಲರನ್ನೂ ಕೂರಿಸಿಕೊಂಡು ಹುಡುಕುತ್ತಾರೆ. ಒಂದು ಮಾತು ನೆನಪಿಡಿ: ಕುಡಿತಕ್ಕೆ ಕಾರಣ ಮನೆಯವರಲ್ಲ. ಆದರೆ ಗುಣವಾಗುವುದಕ್ಕೆ ಮನೆಯವರಿಂದ ದೊಡ್ಡ ಸಹಾಯ ಆಗುತ್ತದೆ.

4. ನಮ್ಮ ಪುಣೆಯಲ್ಲೇ, ನಮ್ಮ ನಾಡಿನಲ್ಲೇ

ಇದಕ್ಕೆ ದೂರ ಹೋಗಬೇಕಿಲ್ಲ. ಕೊಂಢವಾದಿಂದ ಊರಿನ ಆ ತುದಿಗೆ ಯೆರವಡಾದಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ. ಮನೋವೈದ್ಯೆ ಡಾ. ಅನಿತಾ ಅವಚಟ್ ಮತ್ತು ಅವರ ಪತಿ, ಮರಾಠಿ ಲೇಖಕ ಅನಿಲ್ ಅವಚಟ್ 1986ರಲ್ಲಿ ಇದನ್ನು ಶುರುಮಾಡಿದರು. ಆಗ ಪುಣೆಯ ಹುಡುಗರಲ್ಲಿ ಬ್ರೌನ್ ಶುಗರ್ ಚಟ ಹಬ್ಬಿತ್ತು. ಮರಾಠಿಯ ಹೆಸರಾಂತ ಸಾಹಿತಿ ಪು. ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ದಂಪತಿ ನೆರವಾದರು. ಅನಿತಾ 1997ರಲ್ಲಿ ತೀರಿಕೊಂಡ ಮೇಲೆ ಮಗಳು ಮುಕ್ತಾ ಪುಣತಾಂಬೇಕರ್ ಕೆಲಸ ಮುಂದುವರಿಸಿದರು. ಅಲ್ಲಿಯ ಚಿಕಿತ್ಸೆ 35 ದಿನದ್ದು, ನಮ್ಮ ಮಂಡಲಕ್ಕಿಂತ ಆರೇ ದಿನ ಕಡಿಮೆ! ರೋಗಿಗಳ ಹೆಂಡತಿಯರಿಗಾಗಿ 'ಸಹಚರಿ' ಎಂಬ ಗುಂಪು ಇದೆ. ತಮ್ಮ ಕಷ್ಟ ತಮ್ಮೊಬ್ಬರದೇ ಎಂದುಕೊಂಡು ಬಂದ ಹೆಂಗಸರು ಅಲ್ಲಿ ಒಬ್ಬರ ಮಾತು ಒಬ್ಬರು ಕೇಳುತ್ತಾರೆ.

ಚೆನ್ನೈಯಲ್ಲಿ ಶಾಂತಿ ರಂಗನಾಥನ್, ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಮೇಲೆ, 1980ರಲ್ಲಿ ಟಿ.ಟಿ.ಕೆ. ಹೆಸರಿನ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಅಲ್ಲಿ ರೋಗಿಗೆ ಚಿಕಿತ್ಸೆ ಕೊಡುವಂತೆಯೇ ಮನೆಯವರಿಗೂ ಬೇರೆ ಕಾರ್ಯಕ್ರಮ ಇಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವೂ ಇದೆ, ಕುಟುಂಬಗಳಿಗೆಂದೇ ಮನೋಚಿಕಿತ್ಸಾ ವಿಭಾಗವೂ ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಊರ ಕಡೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನೀವು ನೋಡಿರಬಹುದು. ಅಲ್ಲಿ ಮನೆಯವರನ್ನೂ ಕರೆಸಿ ಮಾತಾಡುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು 'ನವಜೀವನ ಸಮಿತಿ'ಯಾಗಿ ಸೇರುತ್ತಾರೆ. ಶಿಬಿರದ ನಂತರದ ದಿನಗಳೇ ಕಷ್ಟದವು ಎಂದು ಅವರಿಗೂ ಗೊತ್ತು.

5. ಕುಟುಂಬ ಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ನಮ್ಮ ಗುಂಪಿನ ಒಬ್ಬ ಸ್ವಾಮಿಯ ಮನೆಯ ಉದಾಹರಣೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಟೆಂಪೊ ಓಡಿಸುವವರು. ಮೂರು ವರ್ಷ ಮಾಲೆ ಹಾಕಿದರು, ಮೂರು ವರ್ಷವೂ ಸಂಕ್ರಾಂತಿ ಕಳೆದು ಕುಡಿತ ಶುರುವಾಯಿತು. ನಾಲ್ಕನೇ ವರ್ಷ ಮಾಲೆಗೆ ಮುಂಚೆಯೇ ಹೆಂಡತಿ, ಅವ್ವ ಇಬ್ಬರನ್ನೂ ಕರೆದುಕೊಂಡು ಆಪ್ತಸಮಾಲೋಚಕರ ಬಳಿ ಹೋದೆವು.

ಮೊದಲ ದಿನ ಅವ್ವ ಅತ್ತರು. "ರೊಕ್ಕ ಕೊಡಲಿಲ್ಲಂದ್ರ ಹೊರಗ ಸಾಲ ಮಾಡ್ತಾನ್ರಿ, ಮರ್ಯಾದಿ ಹೋಗ್ತದ" ಎಂದರು. ಹೆಂಡತಿ, "ದಿನಾ ಸಂಜಿಗಿ ಬಾಯಿ ಮೂಸಿ ನೋಡೂದಾಗೇದ ನನ್ನ ಬಾಳೇವು" ಎಂದರು. ಆಗ ಅವರು ನೆಲ ನೋಡುತ್ತ, "ಕುಡೀದಿದ್ದ ದಿನಾನೂ ಮೂಸ್ತಾಳ್ರಿ" ಎಂದರು. ಮೂವರೂ ಒಂದೇ ಮನೆಯಲ್ಲಿದ್ದು ಈ ಮೂರು ಮಾತು ಒಬ್ಬರ ಮುಂದೆ ಒಬ್ಬರು ಅಲ್ಲಿಯವರೆಗೆ ಆಡಿರಲಿಲ್ಲ.

ಮುಂದಿನ ಕೆಲವು ವಾರಗಳಲ್ಲಿ ಅವರು ಒಪ್ಪಿಕೊಂಡದ್ದು ಇಷ್ಟು:

- ಕುಡಿತದ ಸಾಲವನ್ನು ಅವ್ವ ತೀರಿಸುವುದಿಲ್ಲ. ಹೆಂಡತಿ ಮಾಲೀಕನಿಗೆ ಸುಳ್ಳು ಹೇಳುವುದಿಲ್ಲ. ಆದರೆ ಊಟ, ಔಷಧ, ಆಸ್ಪತ್ರೆಗೆ ಜೊತೆ, ಇವು ಎಂದೂ ತಪ್ಪುವುದಿಲ್ಲ.
- ಕುಡಿದು ಬಂದ ರಾತ್ರಿ ಜಗಳವೂ ಇಲ್ಲ, ಬುದ್ಧಿಮಾತೂ ಇಲ್ಲ. ಮಾತು ಬೆಳಿಗ್ಗೆ.
- ದಿನಾ ಸಂಜೆ ಅವರು ತಾವಾಗಿಯೇ ಹೆಂಡತಿಗೆ ಹೇಳಬೇಕು: "ಇವತ್ತು ಕುಡಿದಿಲ್ಲ, ನಾಳೆಯವರೆಗೂ ಕುಡಿಯೋದಿಲ್ಲ." ಹೆಂಡತಿ ಅದಕ್ಕೆ ಮೆಚ್ಚುಗೆಯ ಒಂದು ಮಾತು ಹೇಳಬೇಕು. ಆ ಹೊತ್ತಿನಲ್ಲಿ ಹಳೆಯದನ್ನು ಎತ್ತಬಾರದು. ಬಾಯಿ ಮೂಸುವುದು ಬಂದ್. ಗಂಡಹೆಂಡತಿಯರ ಚಿಕಿತ್ಸೆಯಲ್ಲಿ ಬೇರೆ ದೇಶಗಳಲ್ಲೂ ಬಳಸುವ ಕ್ರಮ ಇದು.
- ಸಂಜೆ ಏಳರ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಕೂಡಿ ಚಹಾ. ಭಜನೆ ಇಲ್ಲದ ದಿನಗಳಲ್ಲೂ ಆ ಹೊತ್ತು ಖಾಲಿ ಬಿಡಬಾರದು.
- ಮತ್ತೆ ಕುಡಿದುಬಿಟ್ಟರೆ ಯಾರಿಗೆ ಫೋನ್ ಮಾಡಬೇಕು, ಮರುದಿನ ಎಲ್ಲಿಗೆ ಹೋಗಬೇಕು ಎಂದು ಮೊದಲೇ ಚೀಟಿಯಲ್ಲಿ ಬರೆದು ಇಡಬೇಕು.

ಈ ಕೊನೆಯ ಮಾತು ನನಗೆ ಮೊದಲು ವಿಚಿತ್ರ ಎನಿಸಿತು. ಬಿಡುವ ಮುಂಚೆಯೇ ಮತ್ತೆ ಕುಡಿಯುವ ಮಾತೇಕೆ? ಸಮಾಲೋಚಕರು ಹೇಳಿದರು, "ಕಾಯಿಲೆ ಮರುಕಳಿಸಬಹುದು. ಮನೆಯವರು ಸಿದ್ಧವಾಗಿದ್ದರೆ ಒಂದು ದಿನದ ಜಾರುವಿಕೆ ಒಂದೇ ದಿನಕ್ಕೆ ನಿಲ್ಲುತ್ತದೆ." ಹಾಗೆಯೇ ಆಯಿತು. ಆ ವರ್ಷ ಸಂಕ್ರಾಂತಿ ದಾಟಿತು, ಶಿವರಾತ್ರಿ ದಾಟಿತು, ಯುಗಾದಿಯ ದಿನ ಜಾರಿದರು. ರಾತ್ರಿ ಹೆಂಡತಿ ಕೂಗಲಿಲ್ಲ, ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಮರುದಿನ ನಾಲ್ವರೂ ಸಮಾಲೋಚಕರ ಮುಂದೆ ಕೂತಿದ್ದೆವು. ಅದಾದ ಮೇಲೆ ಎರಡು ಮಂಡಲ ಕಳೆದಿವೆ, ಅವರು ಕುಡಿದಿಲ್ಲ. ಮುಂದಿನದು ದಿನದಿನದ ಕೆಲಸ ಎಂದು ಅವರೇ ಹೇಳುತ್ತಾರೆ.

6. "ಅವನು ಚಿಕಿತ್ಸೆಗೆ ಬರೋದೇ ಇಲ್ಲ" ಅನ್ನುವವರಿಗೆ

ಅವನು ಒಪ್ಪದಿದ್ದರೂ ಮನೆಯವರು ಮೊದಲು ಹೋಗಬಹುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು ಚಿಕಿತ್ಸೆಗೆ ಒಪ್ಪದ ಕುಡಿತದ ರೋಗಿಗಳ 130 ಮಂದಿ ಆಪ್ತರ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ, ಕುಡಿಯದಿದ್ದಾಗ ಮೆಚ್ಚುವುದು, ಕುಡಿದಾಗ ದೂರ ಸರಿಯುವುದು, ಸರಿಯಾದ ಹೊತ್ತು ನೋಡಿ ಚಿಕಿತ್ಸೆಯ ಮಾತೆತ್ತುವುದು, ತಮ್ಮ ಆರೋಗ್ಯವನ್ನೂ ನೋಡಿಕೊಳ್ಳುವುದು, ಇವನ್ನು ಕಲಿಸಿದರು. ಆ ಗುಂಪಿನಲ್ಲಿ ಶೇ. 64ರಷ್ಟು ರೋಗಿಗಳು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರಿಗೆ ಕೂರಿಸಿ ಒತ್ತಾಯಿಸುವ ವಿಧಾನ ಕಲಿತ ಗುಂಪಿನಲ್ಲಿ ಬಂದವರು ಶೇ. 30. ಮನೆಯವರ ಸ್ವಸಹಾಯ ಸಂಘ ಅಲ್-ಅನಾನ್‌ನ ದಾರಿ ಹಿಡಿದ ಗುಂಪಿನಲ್ಲಿ ಶೇ. 13. ಆದರೆ 1951ರಲ್ಲಿ ಶುರುವಾದ ಅಲ್-ಅನಾನ್‌ನ ಗುರಿ ಮನೆಯವರ ಮನಸ್ಸಿಗೆ ನೆಮ್ಮದಿ ಕೊಡುವುದು. ಅದಕ್ಕಾಗಿ ಇಂದಿಗೂ ಬಹಳ ಜನ ಹೋಗುತ್ತಾರೆ.

ಇನ್ನೊಂದು ಮುಖ್ಯ ಮಾತು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಮೊದಲು ಹೆಂಡತಿ ಮಕ್ಕಳ ರಕ್ಷಣೆ. "ಹೊಂದಿಕೊಂಡು ಹೋಗಮ್ಮಾ" ಎಂದು ಹೇಳಲು ಕುಟುಂಬ ಚಿಕಿತ್ಸೆಯನ್ನು ನೆಪ ಮಾಡಬಾರದು. ಅಂಥ ಮನೆಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕೇ ಎಂಬುದನ್ನು ಚಿಕಿತ್ಸಕರೇ ನಿರ್ಧರಿಸಲಿ.

7. ಯುವ ಸ್ವಾಮಿಗಳು ಮಾಡಬೇಕಾದ್ದು

ಮಾಲೆಗೆ ಮುಂಚೆ: ಮನೆಯಲ್ಲಿ ಹೆಚ್ಚು ಕುಡಿಯುವವರಿದ್ದರೆ ವೈದ್ಯರಿಗೆ ತೋರಿಸಿ.

ವ್ರತದಲ್ಲಿ: ಮನೆಯಲ್ಲಿ ಏನೇನು ಬದಲಾಯಿತು, ಅದರಲ್ಲಿ ಯಾವುದು ಎಲ್ಲರಿಗೂ ಹಿತವಾಯಿತು ಎಂದು ಬರೆದಿಡಿ. ಮಾಲೆ ತೆಗೆದ ಮೇಲೂ ಮುಂದುವರಿಸಬಹುದಾದ ಎರಡನ್ನು ಆರಿಸಿ.

ಮಾಲೆ ತೆಗೆದ ಮೇಲೆ: ಮೊದಲ ಭಾನುವಾರವೇ ಆ ಸ್ವಾಮಿಯ ಮನೆಗೆ ಹೋಗಿ. "ಸ್ವಾಮಿ" ಎಂದೇ ಕರೆಯಿರಿ. ಮನೆಯವರನ್ನೂ "ನೀವು ಹೇಗಿದ್ದೀರಿ?" ಎಂದು ಕೇಳಿ. ಅವರನ್ನು ಕೇಳುವವರು ಕಡಿಮೆ.

ಸಹಾಯಕ್ಕೆ: ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಎರಡೂ ಉಚಿತ. ಯೆರವಡಾಕ್ಕೆ ಹೋಗಲು ಜೊತೆ ಬೇಕಾದರೆ ಗುಂಪಿನಲ್ಲಿ ಹೇಳಲು ಸಂಕೋಚವಾದರೆ ನನಗೆ ಬೇರೆಯಾಗಿ ತಿಳಿಸಿ. ಭಾನುವಾರ ಬಿಟ್ಟು ಯಾವ ದಿನವಾದರೂ ಬರುತ್ತೇನೆ.

ಸ್ವಾಮಿ ಶರಣಂ.