ಕಿವಿಯೊಳಗಿನ ಸದ್ದು ಮತ್ತು ಎರಡನೇ ಬಾಣ


*ಇಂದಿನ ಧಮ್ಮ ಚಿಂತನೆ*

ಬಂಧುಗಳೇ,

ನಮ್ಮ ಅಧ್ಯಯನ ಬಳಗಕ್ಕೆ ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬಂದಿದೆ. ತಿಕೋಟಾದ ದ್ರಾಕ್ಷಿ ತೋಟದ ಉಪಾಸಕರೊಬ್ಬರು ಕೇಳಿದರು: "ಎರಡ ದಿನದಿಂದ ಕಿವ್ಯಾಗ ಒಂದ ಸಮ ಗುಂಯ್ ಅಂತೈತ್ರಿ. ಕಣ್ಣ ಮುಚ್ಚಿ ಕುಂತ್ರ ಇನ್ನಷ್ಟ ಜೋರ ಆಗತೈತಿ. ಧ್ಯಾನ ಬಿಡಬೇಕೇನ್ರಿ?" ಬಬಲೇಶ್ವರದ ತಾಯಿಯೊಬ್ಬರ ಪ್ರಶ್ನೆ ಬೇರೆ: "ಮಂದಿ ಇದು ಹಿಂದಿನ ಜನ್ಮದ ಕರ್ಮ ಅಂತಾರ. ಖರೇನ ಏನ್ರಿ?"

ಇಬ್ಬರಿಗೂ ಫೋನಿನಲ್ಲಿ ಒಂದಿಷ್ಟು ಹೇಳಿದೆ. ಇದು ಇನ್ನೂ ಹಲವರಿಗೆ ಬೇಕಾದ ವಿಷಯ ಅನಿಸಿದ್ದರಿಂದ ಇಂದು ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಎಡಗಿವಿಯಲ್ಲಿಯೂ ಈ ಸದ್ದು ಎರಡು ವರ್ಷದಿಂದ ಇದೆ. ಒಂದು ಮುಂಜಾನೆ ಎದ್ದಾಗ ಕಿವಿ ಕಟ್ಟಿದಂತಿತ್ತು. ಫೋನ್ ಎಡಗಿವಿಗೆ ಹಿಡಿದರೆ ಮಾತು ಕೊಡದೊಳಗಿನಿಂದ ಬಂದಂತೆ ಕೇಳುತ್ತಿತ್ತು, ಜೊತೆಗೆ ಕುಕ್ಕರ್ ಸೀಟಿಯಂಥ ಸಣ್ಣ ಸದ್ದು. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡು ಎಂದರು ಒಬ್ಬರು. ಇದು ಅನಾಹತ ನಾದ, ನಿನ್ನ ಸಾಧನೆ ಫಲಿಸಿದೆ ಎಂದರು ಇನ್ನೊಬ್ಬರು. ಅಂದೇ ವಿಜಯಪುರದಲ್ಲಿ ಕಿವಿ ವೈದ್ಯರಿಗೆ ತೋರಿಸಿದೆ. ಚಿಕಿತ್ಸೆಯಿಂದ ಕೇಳುವ ಶಕ್ತಿ ಬಹುಪಾಲು ಮರಳಿತು. ಸದ್ದು ಉಳಿಯಿತು.

*ಮೊದಲ ಬಾಣ: ಮೊದಲು ಕೀಳಿ, ಆಮೇಲೆ ಚಿಂತನೆ*

ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ದೇಹಕ್ಕೆ ಬರುವ ನೋವು ಮೊದಲ ಬಾಣ. ಅದರ ಬಗ್ಗೆ ಮನಸ್ಸು ಪಡುವ ಗೋಳಾಟ, ಸಿಟ್ಟು, ಭಯ ಎರಡನೇ ಬಾಣ. ಧಮ್ಮವನ್ನು ತಿಳಿದವನಿಗೂ ಮೊದಲ ಬಾಣ ತಾಗುತ್ತದೆ, ಎರಡನೆಯದು ತಾಗುವುದಿಲ್ಲ.

ಇದನ್ನು ಓದಿದ ಕೆಲವರು "ಹಾಗಾದರೆ ಸಹಿಸಿಕೊಂಡು ಕೂಡೋಣ" ಎನ್ನುತ್ತಾರೆ. ಅದು ಸರಿಯಲ್ಲ. ಮಜ್ಝಿಮ ನಿಕಾಯದಲ್ಲಿ ಮಾಲುಂಕ್ಯಪುತ್ತನಿಗೆ ಹೇಳಿದ ಇನ್ನೊಂದು ಬಾಣದ ಉಪಮೆಯನ್ನೂ ನೆನಪಿಡಿ. ವಿಷದ ಬಾಣ ತಾಗಿದವನು ಹೊಡೆದವನ ಜಾತಿ ಯಾವುದು, ಬಿಲ್ಲು ಎಂಥದು ಎಂದು ವಿಚಾರಿಸುತ್ತ ಕೂತರೆ ಅಷ್ಟರಲ್ಲಿ ಸಾಯುತ್ತಾನೆ. ಬಾಣ ಕೀಳುವ ವೈದ್ಯ ಮೊದಲು ಬೇಕು.

ಆದ್ದರಿಂದ ಕಿವಿಯಲ್ಲಿ ದಿಢೀರ್ ಸದ್ದು ಶುರುವಾದರೆ ಇಷ್ಟು ತಿಳಿದಿರಲಿ:

1. ಸದ್ದಿನ ಜೊತೆ ಕಿವಿ ಮಂದವಾಗಿದ್ದರೆ ಅದು ತುರ್ತು. ಒಂದೇ ಸಲ ಅಥವಾ 72 ಗಂಟೆಯೊಳಗೆ ಕೇಳುವ ಶಕ್ತಿ ಕುಸಿಯುವ ರೋಗವೊಂದಿದೆ. ಇದಕ್ಕೆ ವೈದ್ಯರು ಸಾಮಾನ್ಯವಾಗಿ ಸ್ಟಿರಾಯ್ಡ್ ಕೊಡುತ್ತಾರೆ. ಮೊದಲ ಎರಡು ವಾರದೊಳಗೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಎರಡರಿಂದ ನಾಲ್ಕು ವಾರ ಮೀರಿದರೆ ಅದೇ ಔಷಧಿ ಕೆಲಸ ಮಾಡುವ ಸಾಧ್ಯತೆ ಕಡಿಮೆಯಾಗುತ್ತದೆ. ಗಾಯಕಿ ಅಲ್ಕಾ ಯಾಗ್ನಿಕ್ ಅವರು 2024ರ ಜೂನ್‌ನಲ್ಲಿ ವಿಮಾನದಿಂದ ಇಳಿದಾಗ ತಮಗೆ ಏನೂ ಕೇಳಿಸದಂತಾದದ್ದನ್ನು ತಾವೇ ಜನರಿಗೆ ತಿಳಿಸಿದ್ದರು. ಇದು ಯಾರಿಗೂ ಬರಬಹುದು.

2. ಸದ್ದು ನಾಡಿ ಬಡಿತದ ತಾಳಕ್ಕೆ ಬರುತ್ತಿದ್ದರೆ, ತಲೆ ಗಿರ್ರನೆ ತಿರುಗಿದರೆ, ಮುಖ ಒಂದು ಕಡೆ ಸೊಟ್ಟಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿದ್ದರೆ ತಡಮಾಡದೆ ಹೋಗಿ.

3. ಎಷ್ಟೋ ಸಲ ಕಾರಣ ಗುಗ್ಗೆ ಮಾತ್ರ. ತೆಗೆಸಿದರೆ ಮುಗಿಯಿತು. ಆದರೆ ಕಡ್ಡಿ, ಪಿನ್ನು ಹಾಕಬೇಡಿ. ಕಿವಿಯ ತಮಟೆ ಹರಿದಿದ್ದರೆ ಎಣ್ಣೆ ಬಿಡುವುದು ಅಪಾಯ.

4. ಕೆಲವು ಔಷಧಿಗಳಿಂದಲೂ ಹೀಗಾಗುತ್ತದೆ: ಹೆಚ್ಚು ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಜೆಂಟಾಮೈಸಿನ್ ಇಂಜೆಕ್ಷನ್. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ವೈದ್ಯರಿಗೆ ತೋರಿಸಿ. ತಾವಾಗಿಯೇ ನಿಲ್ಲಿಸಬೇಡಿ.

ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳಿವೆ. ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತೋರಿಸಿ ಬರಬಹುದು. ಕಿವಿಯ ಕೇಳುವ ಪರೀಕ್ಷೆ, ಅಂದರೆ ಆಡಿಯೋಗ್ರಾಮ್, ಮಾಡಿಸಿ ಆ ಕಾಗದ ಜೋಪಾನ ಮಾಡಿ. "ಸುಗ್ಗಿ ಮುಗೀಲಿ, ಆಮ್ಯಾಲ ನೋಡೋಣ" ಎನ್ನಬೇಡಿ.

*ಈ ಸದ್ದು ಏನು?*

ನಮ್ಮ ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ಕೂದಲ ಕೋಶಗಳಿವೆ. ಅವು ಸದ್ದನ್ನು ನರದ ಸಂಕೇತವಾಗಿ ಮಾಡುತ್ತವೆ. ವಯಸ್ಸು, ದೊಡ್ಡ ಶಬ್ದ, ರೋಗ ಇವುಗಳಿಂದ ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಗ ಮಿದುಳಿಗೆ ಬರುವ ಸಂಕೇತ ಕಡಿಮೆಯಾಗುತ್ತದೆ. ಸ್ಟೇಷನ್ ಸಿಗದಾಗ ನಾವು ರೇಡಿಯೋ ವಾಲ್ಯೂಮ್ ಏರಿಸಿದರೆ ಗರಗರ ಹೆಚ್ಚಾಗುವಂತೆ, ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ.

1953ರಲ್ಲಿ ಅಮೆರಿಕದಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಚೆನ್ನಾಗಿಯೇ ಇದ್ದ 80 ಜನರನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂಡಿಸಿ ಏನು ಕೇಳುತ್ತದೆ ಎಂದು ಕೇಳಿದರು. 100ಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳುತ್ತದೆ ಎಂದರು. ಪೂರ್ಣ ನಿಶ್ಶಬ್ದದಲ್ಲಿ ಹೆಚ್ಚುಕಡಿಮೆ ಎಲ್ಲರ ತಲೆಯೂ ಸದ್ದು ಮಾಡುತ್ತದೆ. ಆದ್ದರಿಂದ ಇದು ದೈವದ ಕರೆಯೂ ಅಲ್ಲ, ಹುಚ್ಚಿನ ಲಕ್ಷಣವೂ ಅಲ್ಲ.

ಹಾಗಾದರೆ ಒಬ್ಬರಿಗೆ ಅದು ಏನೂ ಅಲ್ಲ, ಇನ್ನೊಬ್ಬರ ನಿದ್ದೆಯನ್ನೇ ಕಸಿಯುತ್ತದೆ, ಯಾಕೆ? ತೋಟದ ನಾಯಿಯನ್ನು ನೋಡಿ. ಹೊಸ ಆಳು ಬಂದ ಮೊದಲ ದಿನ ಗಂಟಲು ಹರಿಯುವಂತೆ ಬೊಗಳುತ್ತದೆ. ಅದೇ ಆಳು ದಿನಾ ಬಂದು ಯಾರಿಗೂ ತೊಂದರೆ ಮಾಡದಿದ್ದರೆ, ಹದಿನೈದು ದಿನಕ್ಕೆ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಆಳು ಹೋಗಿಲ್ಲ, ಬೊಗಳುವುದು ನಿಂತಿದೆ. ಆದರೆ ಆಳು ಬಂದಾಗಲೆಲ್ಲ ಮನೆಯವರು ಬಡಿಗೆ ಹಿಡಿದು ಓಡಿ ಬಂದರೆ ನಾಯಿ ಎಂದಿಗೂ ಸುಮ್ಮನಾಗದು. ನಮ್ಮ ಮಿದುಳಿನ ಕಾವಲೂ ಹಾಗೆಯೇ. ಕಿವಿಯ ಸದ್ದನ್ನು ಖಚಿತವಾಗಿ ನಿಲ್ಲಿಸುವ ಮಾತ್ರೆ ಇನ್ನೂ ಇಲ್ಲ. ಆದರೆ ಬೊಗಳುವುದು ನಿಲ್ಲುತ್ತದೆ, ಬಹಳ ಜನರಲ್ಲಿ ಕೆಲವು ತಿಂಗಳುಗಳಲ್ಲಿ ನಿಲ್ಲುತ್ತದೆ.

*ಎರಡನೇ ಬಾಣದ ಮೂರು ಮೊನೆಗಳು*

ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ನನ್ನ ಮನಸ್ಸು ಹೇಳುತ್ತಿದ್ದ ಮಾತುಗಳನ್ನು ನಾನು ಗಮನಿಸಿದೆ. ಮೂರೇ ಇದ್ದವು.

"ಯಾವಾಗ ನಿಲ್ಲುತ್ತದೆ?" ಎಂಬುದು ಮೊದಲನೆಯದು. ಇದು ತೃಷ್ಣೆ. ಪಟಿಚ್ಚ ಸಮುಪ್ಪಾದ ಓದುವಾಗ ನಾವು ಕಲಿತದ್ದು ನೆನಪಿಸಿಕೊಳ್ಳಿ: ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ಬಳಗದಲ್ಲಿ ಒಬ್ಬರು "ಹೊರಗೆ ಸದ್ದೇ ಇಲ್ಲದಾಗ ಸ್ಪರ್ಶ ಎಲ್ಲಿಯದು?" ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಕಿವಿಯ ಬಾಗಿಲಿನಿಂದ ಬರಲಿ, ಮನದ ಬಾಗಿಲಿನಿಂದ ಬರಲಿ, ಅಹಿತವಾದ ವೇದನೆ ಹುಟ್ಟಿತು ಎಂಬುದು ನಿಜ. ನಮ್ಮ ಕೆಲಸ ಇರುವುದು ಅದರ ಮುಂದಿನ ಕೊಂಡಿಯಲ್ಲಿ. "ಇದು ಬೇಡ, ಈಗಲೇ ಹೋಗಲಿ" ಎಂಬ ತೃಷ್ಣೆ ಹುಟ್ಟುವ ಜಾಗದಲ್ಲಿ ಎಚ್ಚರ ಇರಬೇಕು.

"ಯಾವ ಪಾಪಕ್ಕೆ ಇದು?" ಎಂಬುದು ಎರಡನೆಯದು. ಬಬಲೇಶ್ವರದ ತಾಯಿಗೆ ಉತ್ತರ ಇಲ್ಲಿದೆ. ಮೋಲಿಯ ಸೀವಕನೆಂಬ ಪರಿವ್ರಾಜಕ ಇದನ್ನೇ ಬುದ್ಧರಿಗೆ ಕೇಳಿದ್ದ: ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುತ್ತಾರಲ್ಲ, ಹೌದೇ? ಭಗವಾನರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಅವು ಮೂರೂ ಕೂಡಿ, ಋತು ಬದಲಾವಣೆ, ದೇಹದ ಬಗ್ಗೆ ಅಜಾಗ್ರತೆ, ಹೊರಗಿನ ಪೆಟ್ಟು, ಕರ್ಮಫಲ ಎಂದು ಎಂಟು ಕಾರಣ ಎಣಿಸಿದರು. ಎಂಟರಲ್ಲಿ ಒಂದನ್ನೇ ಹಿಡಿದು ರೋಗಿಯ ತಲೆ ಮೇಲೆ ಹೊರಿಸುವುದು ಧಮ್ಮವಲ್ಲ. ತಾಯಿ, ನಿಮ್ಮ ಕಿವಿ ಸದ್ದು ಮಾಡುತ್ತಿದೆ ಅಷ್ಟೇ. ನೀವು ಯಾರಿಗೂ ಸಾಲ ತೀರಿಸುತ್ತಿಲ್ಲ.

"ಇದು ಹೆಚ್ಚಾಗುತ್ತಲೇ ಹೋದರೆ?" ಎಂಬುದು ಮೂರನೆಯದು. ಸದ್ದು ದಿನಕ್ಕೆ ನಾಲ್ಕು ಸಲ ಏರಿಳಿಯುತ್ತದೆ. ನಿದ್ದೆಗೆಟ್ಟಾಗ, ದಣಿದಾಗ, ಚಿಂತೆ ಹೆಚ್ಚಾದಾಗ ಏರುತ್ತದೆ, ಮತ್ತೆ ಇಳಿಯುತ್ತದೆ. ಅನಿತ್ಯ ಎಂದು ನಾವು ಬಾಯಲ್ಲಿ ಹೇಳುವುದನ್ನು ಇಲ್ಲಿ ಕಿವಿಯಿಂದಲೇ ಪರೀಕ್ಷಿಸಬಹುದು.

*ಧ್ಯಾನ ಬಿಡಬೇಕೆ?*

ಬೇಡ. ಕೂಡುವ ರೀತಿ ಬದಲಿಸಿ. ನಿಶ್ಶಬ್ದವೇ ನಮಗೆ ಆಶ್ರಯ ಎಂದು ತಿಳಿದವರಿಗೆ ಈ ಸದ್ದು ಮನೆ ಕಿತ್ತುಕೊಂಡಂತೆ ಅನಿಸುತ್ತದೆ. ಆದರೆ ತಿಸರಣದಲ್ಲಿ ನಾವು ಶರಣು ಹೋಗಿರುವುದು ಬುದ್ಧ, ಧಮ್ಮ, ಸಂಘಕ್ಕೆ. ನಿಶ್ಶಬ್ದಕ್ಕೆ ಅಲ್ಲ.

ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋದವರಿಗೆಲ್ಲ ಗೊತ್ತು. ಒಂದು ಚಪ್ಪಾಳೆ ಹೊಡೆದರೆ ಹಲವು ಸಲ ಮರಳಿ ಕೇಳುತ್ತದೆ. ಪ್ರತಿಧ್ವನಿ ನಿಲ್ಲಲಿ ಎಂದು ಕೂಗಿದರೆ ಆ ಕೂಗೂ ಮರಳುತ್ತದೆ. ಸುಮ್ಮನಿದ್ದರೆ ಮಾತ್ರ ಅದು ತಾನೇ ತೆಳುವಾಗುತ್ತದೆ. ಕಿವಿಯ ಸದ್ದು ಪ್ರತಿಧ್ವನಿಯಂತೆ ಅಳಿಯದೆ ಇರಬಹುದು, ಆದರೆ ನಾವು ಅದಕ್ಕೆ ಕೂಗಿ ಕೊಟ್ಟ ಉತ್ತರಗಳು ಅಳಿಯುತ್ತವೆ.

ನಾನು ಮಾಡುವುದು ಹೀಗೆ. ಕಿಟಕಿ ತೆರೆದು ಅಥವಾ ಫ್ಯಾನ್ ಹಾಕಿ ಕೂಡುತ್ತೇನೆ. ಆ ಸದ್ದು ಕಿವಿಯ ಸದ್ದನ್ನು ಮುಚ್ಚುವಷ್ಟು ಜೋರಿರಬಾರದು, ಜೊತೆಗಿದ್ದರೆ ಸಾಕು. ಮೊದಲು ಅಂಗಾಲು, ತೊಡೆ, ಕೈಗಳಲ್ಲಿ ಗಮನ. ಆಮೇಲೆ ಉಸಿರು. ಸದ್ದು ಎಳೆದಾಗ ಅದನ್ನು ತಳ್ಳುವುದಿಲ್ಲ, "ಕೇಳುತ್ತಿದೆ" ಎಂದು ಗುರುತಿಸುತ್ತೇನೆ. ನಂತರ ಗಮನ ಅಗಲ ಮಾಡುತ್ತೇನೆ: ಹೊರಗಿನ ಗುಬ್ಬಿ, ರಸ್ತೆಯ ಟಂಟಂ, ಅಡುಗೆಮನೆಯ ಪಾತ್ರೆ, ಕಿವಿಯ ಗುಂಯ್. ಎಲ್ಲವೂ ಒಂದೇ ಪಂಕ್ತಿಯಲ್ಲಿ. ಯಾವುದಕ್ಕೂ ಮೇಲು ಆಸನ ಇಲ್ಲ. ಸದ್ದು ನಿಲ್ಲಿಸಲು ಧ್ಯಾನ ಮಾಡಿದರೆ ಪ್ರತಿ ಐದು ನಿಮಿಷಕ್ಕೆ "ನಿಂತಿತೇ?" ಎಂದು ಪರೀಕ್ಷಿಸುತ್ತೀರಿ. ಅದು ನಾಯಿಗೆ ಬಡಿಗೆ ತೋರಿಸಿದಂತೆ.

ಸೋಣನಿಗೆ ಹೇಳಿದ ವೀಣೆಯ ತಂತಿಯ ಮಾತೂ ಇಲ್ಲಿ ಬೇಕು. ಬಿಗಿಯೂ ಬೇಡ, ಸಡಿಲವೂ ಬೇಡ. ಮೊದಲ ವಾರ ಹತ್ತು ನಿಮಿಷ ಸಾಕು. ತಡೆಯಲಾಗದಿದ್ದರೆ ಎದ್ದು ನಡೆಯುವ ಧ್ಯಾನ ಮಾಡಿ.

ಲಂಡನ್ನಿನಲ್ಲಿ ಈ ತೊಂದರೆ ಇದ್ದ 75 ಜನರ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸತಿ ಆಧಾರಿತ ಚಿಕಿತ್ಸೆ ಪಡೆದವರಿಗೂ ಬರೀ ವಿಶ್ರಾಂತಿ ತಂತ್ರ ಕಲಿತವರಿಗೂ ಸಂಕಟ ಇಳಿಯಿತು, ಆದರೆ ಸತಿ ಕಲಿತವರಲ್ಲಿ ಹೆಚ್ಚು ಇಳಿಯಿತು. ಕಿವಿ ಮಂದವಿದ್ದವರಿಗೆ ಶ್ರವಣಯಂತ್ರವೂ ಬಹಳ ಸಹಾಯ ಮಾಡುತ್ತದೆ. ನಾಚಿಕೆ ಬೇಡ, ಕನ್ನಡಕ ಹಾಕಲು ನಾಚುತ್ತೇವೆಯೇ?

*ಬಾಣ ಬರುವ ದಾರಿ*

ಕಿವಿಗೆ ಕೆಡುಕು ಮಾಡುವ ಸದ್ದನ್ನು ತಡೆಯುವುದೂ ಧಮ್ಮದ ಕೆಲಸ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಕೆಲಸಗಾರರಿಗೆ ಹೇಳುವ ಮಿತಿ. ಸದ್ದು ಪ್ರತಿ 3 ಡೆಸಿಬೆಲ್ ಏರಿದಾಗ ಆ ವೇಳೆ ಅರ್ಧಕ್ಕೆ ಇಳಿಯುತ್ತದೆ. ದ್ರಾಕ್ಷಿಗೆ ಟ್ರ್ಯಾಕ್ಟರ್ ಬ್ಲೋವರ್‌ನಿಂದ ಔಷಧಿ ಹೊಡೆಯುವವರು ಬಾಯಿಗೆ ಬಟ್ಟೆ ಕಟ್ಟುವಂತೆ ಕಿವಿಗೂ ಇಯರ್ ಪ್ಲಗ್ ಅಥವಾ ಇಯರ್ ಮಫ್ ಹಾಕಲಿ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಯ ಮುಂದೆ ಹೆಗಲ ಮೇಲೆ ಕೂಸು ಹೊತ್ತು ಕುಣಿಯುವ ತಂದೆಯರಿರುತ್ತಾರೆ. ಎಲ್ಲ ಸಮುದಾಯದ ಮೆರವಣಿಗೆಗಳಲ್ಲೂ ಇದೇ ನೋಟ. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎನ್ನುತ್ತದೆ. ಬಾಬಾಸಾಹೇಬರು ನಮಗೆ ಕೊಟ್ಟದ್ದು ಓದು. ಕೇಳುವ ಕಿವಿ ಉಳಿದರೆ ಮಗು ತರಗತಿಯಲ್ಲಿ ಪಾಠ ಕೇಳುತ್ತದೆ. ಈ ಸಲ ನಮ್ಮ ಓಣಿಯಲ್ಲಿ ಹಲಗೆ, ಲೇಜಿಮ್ ಸಾಕೆಂದು ತೀರ್ಮಾನಿಸೋಣ, ಮಕ್ಕಳನ್ನು ಪೆಟ್ಟಿಗೆಯಿಂದ ದೂರ ಇಡೋಣ.

*ಮನೆಯವರಿಗೆ*

ಈ ಸದ್ದು ಹೊರಗಿನವರಿಗೆ ಕೇಳುವುದಿಲ್ಲ. ಆದ್ದರಿಂದ "ಏನೂ ಇಲ್ಲ, ಸುಮ್ನ ಕೂಡ" ಎನ್ನಬೇಡಿ. ನಂಬಿ. ಮೊದಲ ತಿಂಗಳು ಬಹಳ ಕಠಿಣ. ಬದುಕೇ ಬೇಡ ಎನ್ನುವ ಮಾತು ಯಾರ ಬಾಯಿಂದಲಾದರೂ ಬಂದರೆ ಒಬ್ಬರನ್ನೇ ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಮುಪ್ಪಿನಿಂದ ಬಳಲಿದ ನಕುಲಪಿತನಿಗೆ ಭಗವಾನರು, ದೇಹ ರೋಗಿಯಾದರೂ ಚಿತ್ತ ರೋಗಿಯಾಗದಂತೆ ಅಭ್ಯಾಸ ಮಾಡು ಎಂದು ಹೇಳಿದರು. ಹೇಳಿದವರಿಗೂ ದೇಹವಿತ್ತು. ಕಪಿಲವಸ್ತುವಿನ ಹೊಸ ಸಭಾಭವನದಲ್ಲಿ ಬೆನ್ನು ನೋಯುತ್ತಿದೆ ಎಂದು ಆನಂದನಿಗೆ ಉಪದೇಶ ಮುಂದುವರಿಸಲು ಹೇಳಿ ತಾವು ಬಲಮಗ್ಗುಲಿಗೆ ಮಲಗಿದರು. ನೋವನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಗೋಳಾಡಲೂ ಇಲ್ಲ.

*ಇಂದಿನ ಅಭ್ಯಾಸ:* ಸಂಜೆ ಹತ್ತು ನಿಮಿಷ ಕೂಡಿ. ಕೇಳುವ ಸದ್ದುಗಳನ್ನು ಒಳಗಿನದು, ಹೊರಗಿನದು ಎಂದು ಭೇದ ಮಾಡದೆ ಒಂದೊಂದಾಗಿ ಗುರುತಿಸಿ. ಯಾವ ಸದ್ದಿಗೆ ಮನಸ್ಸು "ಬೇಡ" ಎಂದಿತು ಎಂಬುದನ್ನಷ್ಟೇ ನೋಡಿ. ಭಾನುವಾರದ ಸಭೆಯಲ್ಲಿ ಮಾತನಾಡೋಣ. ಕಿವಿ ಮಂದ ಇರುವವರಿಗೆ ಮುಂದಿನ ಸಾಲು ಬಿಡಿ.

ಸರ್ವರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.