ಶಿಲಾರಥದ ಮೇಲಿದ್ದ ಶಿಖರ

ಹಂಪೆಯ ವಿಜಯವಿಠಲ ದೇವಾಲಯದ ಶಿಲಾರಥವನ್ನು ಚಿತ್ರದಲ್ಲಾದರೂ ಕಾಣದ ಕನ್ನಡಿಗರು ವಿರಳ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಮೇಲೂ ಅದೇ ಇದೆ. ವಸ್ತುತಃ ಅದು ರಥಾಕಾರದಲ್ಲಿ ಕಟ್ಟಿದ ಗರುಡನ ಗುಡಿ. ನಾವು ಇಂದು ಕಾಣುವುದು ಅದರ ಪೂರ್ಣರೂಪವೂ ಅಲ್ಲ. ಅದರ ಮೇಲೆ ಇಟ್ಟಿಗೆಯ ಶಿಖರವಿದ್ದಿತು. ಇದಕ್ಕೆ ಸಾಕ್ಷಿ 1856ರ ಒಂದು ಛಾಯಾಚಿತ್ರ.

ಅದನ್ನು ತೆಗೆದವರು ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಮೇಣ ಹಚ್ಚಿದ ದೊಡ್ಡ ಕಾಗದದ ಹಾಳೆಗಳೇ ಅವರ ನೆಗೆಟಿವ್‌ಗಳು. 1980ರಲ್ಲಿ ಅವು ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನಡುವಣ ಕಾಲದಲ್ಲಿ ಏನೇನು ಅಳಿಯಿತೆಂಬುದು ಕಣ್ಣಿಗೆ ಕಂಡಿತು.

ಗ್ರೀನ್‌ಲಾ ಅವರದು ಸ್ವಂತ ಆಸಕ್ತಿ. ಆದರೆ ಕಂಪನಿ ಸರಕಾರಕ್ಕೂ ಈ ಕಲೆ ಬೇಕಾಗಿದ್ದಿತು. ಚಿತ್ರಕಾರನ ಕೈ ತಪ್ಪಬಹುದು, ಯಂತ್ರದ ಕಣ್ಣು ತಪ್ಪದೆಂದು ಬಗೆದು 1855ರಲ್ಲಿ ಮುಂಬಯಿ ಸರಕಾರವು ಥಾಮಸ್ ಬಿಗ್ಸ್ ಅವರನ್ನೂ 1856ರಲ್ಲಿ ಮದರಾಸು ಸರಕಾರವು ಲಿನಿಯಸ್ ಟ್ರೈಪ್ ಅವರನ್ನೂ ನೇಮಿಸಿದವು. ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು ತುಂಡುತುಂಡಾಗಿ ಚಿತ್ರಿಸಿ ಉದ್ದಕ್ಕೆ ಜೋಡಿಸಿದರು. ತಂಜಾವೂರಿನ ಅರಸ 1855ರಲ್ಲಿ ತೀರಿಕೊಂಡ ಮೇಲೆ ಆ ಸಂಸ್ಥಾನ ಕಂಪನಿಯ ಪಾಲಾಗಿದ್ದಿತು ಎಂಬುದನ್ನು ಇಲ್ಲಿ ಮರೆಯಲಾಗದು. ಬಿಗ್ಸ್ ಮೊದಲಾದವರ ಧಾರವಾಡ-ಮೈಸೂರು ಪ್ರಾಂತಗಳ ಚಿತ್ರಗಳು 1866ರಲ್ಲಿ ಗ್ರಂಥವಾದಾಗ ಅದಕ್ಕೆ ಬರೆದವರಲ್ಲಿ ಜೇಮ್ಸ್ ಫರ್ಗುಸನ್ ಒಬ್ಬರು. ಭಾರತದ ಶಿಲ್ಪವು ಕಾಲಕ್ರಮದಲ್ಲಿ ಇಳಿಯುತ್ತಲೇ ಬಂದಿತೆಂಬುದು ಅವರ ಮತ. ದೇವಾಲಯಗಳ ಚಿತ್ರಗಳು ಅಂಥ ಮತಕ್ಕೂ ಆಧಾರವಾದವು. ನಮಗೆ ಆ ಮತ ಒಪ್ಪಿಗೆಯಲ್ಲ. ಚಿತ್ರಗಳ ಉಪಕಾರವನ್ನು ಮಾತ್ರ ಅಲ್ಲಗಳೆಯಲಾರೆವು.

ಇನ್ನೊಂದು ಸೂಕ್ಷ್ಮವಿದೆ. ಆಗಿನ ಚಿತ್ರಕ್ಕೆ ಬಹಳ ಹೊತ್ತು ಬೆಳಕು ಬೀಳಬೇಕಾಗಿದ್ದುದರಿಂದ ನಡೆದಾಡುವವರು ಮೂಡುತ್ತಿರಲಿಲ್ಲ. ಗರ್ಭಗುಡಿಯ ಕತ್ತಲೆಗೆ ಯಂತ್ರ ಹೋಗುವಂತೆಯೇ ಇರಲಿಲ್ಲ. ಹೀಗಾಗಿ ಪೂಜೆ ನಡೆಯುತ್ತಿದ್ದ ಗುಡಿಯೂ ಪಾಳುಬಿದ್ದಂತೆ ಕಾಣುತ್ತಿತ್ತು. ದೂರದಲ್ಲಿ ಕುಳಿತು ನೋಡಿದವರು ಹಂಪೆಯನ್ನೆಲ್ಲ ನಿರ್ಜನವೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ವಿರೂಪಾಕ್ಷನಿಗೆ ಆಗಲೂ ಪೂಜೆ ನಡೆಯುತ್ತಲೇ ಇದ್ದಿತು. ಶ್ರೀವ್ಯಾಸರಾಜರು ಪ್ರತಿಷ್ಠಿಸಿದ ಯಂತ್ರೋದ್ಧಾರಕ ಪ್ರಾಣದೇವರ ಸನ್ನಿಧಿಗೆ ನಮ್ಮವರು ಇಂದಿಗೂ ಹೋಗಿಬರುತ್ತಾರೆ.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿಯೂ ಹುಟ್ಟೂರ ಗುಡಿಯ ಹಳೆಯ ಚಿತ್ರಗಳು ಒಂದೆರಡಿರುತ್ತವೆ. ಜೀರ್ಣೋದ್ಧಾರವಾದ ಗುಡಿಯ ಹಿಂದಿನ ರೂಪಕ್ಕೆ ಅದೊಂದೇ ಗುರುತಾಗಿರಬಹುದು. ಮನೆಯ ಹಿರಿಯರನ್ನು ಕೇಳಿ, ವರ್ಷ ಯಾವುದು, ಯಾವ ದಿಕ್ಕಿನಿಂದ ತೆಗೆದದ್ದು ಎಂಬುದನ್ನು ಚಿತ್ರದ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಬರೆದಿಡಬೇಕು.